ಮೊಳೆ ಕೆಂಪಾದ ಬಗ್ಗೆ ನಡವಳಿ

ಕಬ್ಬಿಣದ ಮೊಳೆಯನ್ನು ಮೈಲುತುತ್ತದ ನೀರಿನಲ್ಲಿ ಅದ್ದಿಟ್ಟರೆ ಅರ್ಧ ಗಂಟೆಯೊಳಗೆ ಅದು ಕೆಂಪಾಗತಕ್ಕದ್ದು. ಇದು ಹತ್ತನೇ ತರಗತಿಯ ರಸಾಯನಶಾಸ್ತ್ರ. ತಾಮ್ರಕ್ಕಿಂತ ಕಬ್ಬಿಣ ಚುರುಕು. ಮೈಲುತುತ್ತದಲ್ಲಿರುವ ತಾಮ್ರವನ್ನು ಹೊರಗೆ ದಬ್ಬಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಹೊರಬಿದ್ದ ತಾಮ್ರ ಮೊಳೆಗೇ ಅಂಟಿಕೊಳ್ಳುತ್ತದೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಪ್ಪ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಹೆಸರು ಹೇಳಲು ನನಗೆ ಅಧಿಕಾರವಿಲ್ಲ. ನಾನು ಅಲ್ಲಿಯ ಗುಮಾಸ್ತ. ನಡವಳಿ ಬರೆಯುವುದು ನನ್ನ ಕೆಲಸ, ನಡೆದದ್ದನ್ನು ನೋಡುವುದಲ್ಲ.

ಒಂದು ಚಮಚ ಸಾಕಾಗುವ ಪ್ರಯೋಗಕ್ಕೆ ನಾವು ಮೈಲುತುತ್ತವನ್ನು ಮೂಟೆಯಲ್ಲಿ ತರಿಸುತ್ತೇವೆ. ಮಕ್ಕಳ ಭವಿಷ್ಯದ ಪ್ರಶ್ನೆ. ಮಳೆಗಾಲದಲ್ಲಿ ಶಾಲೆಯಲ್ಲಿಟ್ಟರೆ ತೇವ ಹಿಡಿಯುತ್ತದೆಂದು ಅದನ್ನು ಶಾಲಾ ಸಮಿತಿಯ ಅಧ್ಯಕ್ಷ ಬೈರಪ್ಪನವರ ಮನೆಗೆ ಕಳಿಸಲು ಠರಾವು ಆಗಿದೆ. ಅಲ್ಲಿ ಅದನ್ನು ಸುಣ್ಣದ ಜೊತೆ ಕಲಸಿ, ಕೊಳೆ ರೋಗ ಬಾರದ ಹಾಗೆ ಅಡಿಕೆ ಗೊನೆಗಳ ಮೇಲೆ ಹೊಡೆದು ಸುರಕ್ಷಿತವಾಗಿ ಇಡಲಾಗುತ್ತದೆ.

ಈ ಸಲ ಎರಡನೇ ಔಷಧಿ ಹೊಡೆದ ಮರುದಿನವೇ ಪ್ರಾಯೋಗಿಕ ಪರೀಕ್ಷೆ ಬಂತು. ಮೈಲುತುತ್ತ ವಾಪಸು ಬೇಕೆಂದು ವಿಜ್ಞಾನದ ಜ್ಯೋತ್ಸ್ನಾ ಟೀಚರ್ ಫೋನು ಮಾಡಿದರು. ಅಧ್ಯಕ್ಷರು ದೊಡ್ಡ ಮನಸ್ಸಿನವರು. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಔಷಧಿಯನ್ನೇ ಜೀಪಿನಲ್ಲಿ ಕಳಿಸಿದರು. ನೀಲಿ ಬಣ್ಣ ಇತ್ತು, ಅಷ್ಟು ಸಾಕು.

ಮಕ್ಕಳು ಮೊಳೆ ಅದ್ದಿದರು. ಅರ್ಧ ಗಂಟೆ ಕಳೆಯಿತು. ಮೊಳೆ ಕೆಂಪಾಗಲಿಲ್ಲ. "ಮೊಳೆ ಕೆಂಪಾಯಿತು" ಎಂದು ಮಕ್ಕಳು ಬರೆದು, ಕೆಂಪು ಪೆನ್ಸಿಲಿನಲ್ಲಿ ಚಿತ್ರವನ್ನೂ ಬಿಡಿಸಿ ಕೊಟ್ಟರು. ಸಿರಿ ಎಂಬ ಹುಡುಗಿ ಮಾತ್ರ "ಮೊಳೆ ಹಾಗೇ ಇದೆ. ಸುಣ್ಣ ಸರಿಯಾಗಿದೆ" ಎಂದು ಬರೆದಿದ್ದಳು.

"ಎಂತ ಮಾರಾಯ್ತಿ ಇದು? ಪುಸ್ತಕ ಓದಿಲ್ವಾ ನೀನು?" ಎಂದರು ಟೀಚರ್.

"ಓದಿದೀನಿ ಟೀಚರ್. ಆದ್ರೆ ಅಪ್ಪ ಔಷಧಿ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತಾರೆ. ಕತ್ತಿ ಕೆಂಪಾದ್ರೆ ಸುಣ್ಣ ಕಮ್ಮಿ ಅಂತ. ಇದು ಕೆಂಪಾಗ್ಲೇ ಇಲ್ಲ, ನೋಡಿ."

ಪರೀಕ್ಷೆಗೆ ಬಂದಿದ್ದ ಪರಿವೀಕ್ಷಕ ಯೋಗೇಂದ್ರ ಅವರು ಕನ್ನಡಕ ಸರಿಮಾಡಿಕೊಂಡರು. "ಮೊಳೆ ಕೆಂಪಾಗದಿದ್ದರೆ ಅದು ಮೊಳೆಯ ತಪ್ಪು. ಕೆಂಪಾಗಲಿಲ್ಲ ಎಂದು ಬರೆದರೆ ವಿದ್ಯಾರ್ಥಿಯ ತಪ್ಪು. ಮೊಳೆಯ ಅಂಕ ಕಳೆಯಲು ನನಗೆ ಅವಕಾಶವಿಲ್ಲ," ಎಂದು ಸಿರಿಗೆ ಸೊನ್ನೆ ಹಾಕಿದರು.

ನೂರಕ್ಕೆ ನೂರು ಫಲಿತಾಂಶ ಕಾಪಾಡಲು ನಮ್ಮಲ್ಲಿ ಒಂದು ನಿಯಮವಿದೆ. ಪ್ರಾಯೋಗಿಕದಲ್ಲಿ ಸೊನ್ನೆ ಪಡೆದವರು ಆ ವರ್ಷ ಪಬ್ಲಿಕ್ ಪರೀಕ್ಷೆಗೆ ಕೂರತಕ್ಕದ್ದಲ್ಲ. ಸಿರಿಯಂಥ ಕೂಲಿಯವನ ಮಗಳು ಒಂದು ವರ್ಷ ಮನೆಯಲ್ಲಿ ಉಳಿದರೆ ಎಸ್ಟೇಟ್ ಕೆಲಸಕ್ಕೆ ಹೋಗುವುದೇ. ಮತ್ತೆ ಶಾಲೆಯ ಮಾತಿಲ್ಲ. ಪಾಪ, ಓದುವ ಹುಡುಗಿ. ಆದರೆ ಪಾಪ ಅನ್ನುವುದಕ್ಕೆ ನಡವಳಿಯಲ್ಲಿ ಕಾಲಂ ಇಲ್ಲ.

ಅಂದೇ ಸಮಿತಿಯ ಸಭೆ ಸೇರಿಸಿ, ಅವಳ ಅಪ್ಪ ಐತನನ್ನು ಕರೆಸಲಾಯಿತು. ಬೈರಪ್ಪನವರ ತೋಟದಲ್ಲಿ ಔಷಧಿ ಕಲಸುವವನು ಇವನೇ. ವಿಷಯ ಕೇಳಿದ ಬೈರಪ್ಪನವರು ಅಧ್ಯಕ್ಷರ ಕುರ್ಚಿಯಿಂದ ಅರ್ಧ ಎದ್ದರು.

"ಅಲ್ಲಾ ಮಾರಾಯ, ಉಳಿದ ಮಕ್ಕಳೆಲ್ಲ ಕೆಂಪು ಅಂತ ಬರೆದಿದಾರೆ. ಹಾಗಾದ್ರೆ ನನ್ನ ತೋಟಕ್ಕೆ ಸುಣ್ಣ ಕಮ್ಮಿ ಹಾಕಿದೀಯಾ ನೀನು?"

"ಅಯ್ಯೋ, ಇಲ್ಲ ಗೌಡ್ರೇ! ಮೊಳೆ ಇಲ್ಲೇ ಉಂಟಲ್ಲ, ನೋಡಿ. ಎಲ್ಲಿ ಕೆಂಪಾಗಿದೆ?"

ಪರಿವೀಕ್ಷಕರು ಮೊಳೆಯ ಮೇಲೆ ಫೈಲು ಇಟ್ಟರು. "ಈಗ ನೋಡುವ ಹಾಗಿಲ್ಲ. ನೋಡುವ ಸಮಯ ಮುಗಿದಿದೆ. ಬೇಕಾದರೆ ಹುಡುಗಿ ಉತ್ತರ ತಿದ್ದಬಹುದು. ಅದಕ್ಕೆ ಸಮಯವಿದೆ."

ಸಿರಿ ಅಪ್ಪನ ಮುಖ ನೋಡಿದಳು. ಕೆಂಪು ಎಂದು ಬರೆದರೆ ತಾನು ಪಾಸು, ಅಪ್ಪ ತಪ್ಪಿತಸ್ಥ. ಅದು ಅವಳಿಗೂ ತಿಳಿದಿತ್ತು, ಐತನಿಗೂ ತಿಳಿದಿತ್ತು.

"ಬರಿ ಮಗಾ," ಅಂದ ಐತ.

ಬರೆದಳು. ಹತ್ತಕ್ಕೆ ಹತ್ತು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಐತನೂ ತಟ್ಟಿದ. ಬೈರಪ್ಪನವರು ಆ ಉತ್ತರದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, "ಸ್ವಂತ ಮಗಳೇ ಬರೆದು ಕೊಟ್ಟ ಮೇಲೆ ಇನ್ನೆಂತ ಉಂಟು?" ಎಂದು ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದರು. ಐತ ತಕರಾರು ಮಾಡಲಿಲ್ಲ. "ಮಗು ಪಾಸಾಯ್ತಲ್ಲ ಸಾರ್," ಎಂದು ನನಗೆ ಕೈಮುಗಿದು ಹೊರಟ. ನಾನೂ ಕೈಮುಗಿದೆ. ಸಭೆ ಸಂತೋಷವಾಗಿ ಮುಗಿಯಿತೆಂದು ದಾಖಲಿಸಿದ್ದೇನೆ.

ಮುಂದಿನ ವಾರದ ಪ್ರಯೋಗ, ಸತುವಿನ ಚೂರಿಗೆ ಆಮ್ಲ ಹಾಕಿ ಗುಳ್ಳೆ ಬರುವುದನ್ನು ನೋಡುವುದು. ಆಮ್ಲದ ಬಾಟಲಿ ಸುರಕ್ಷತೆಗಾಗಿ ಅಧ್ಯಕ್ಷರ ಬಚ್ಚಲುಮನೆಗೆ ಹೋಗಿತ್ತು. ಟೀಚರ್ ಸತುವಿನ ಚೂರನ್ನು ಖಾಲಿ ಪ್ರನಾಳಕ್ಕೆ ಹಾಕಿ, "ಗುಳ್ಳೆ ಬಂತಾ?" ಎಂದು ಕೇಳಿದರು.

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಸಿರಿ.

"ಬಂತು ಟೀಚರ್," ಅಂದಳು. "ತುಂಬಾ ಬಂತು."