ಸರ್ರ ರಿವಾಲ್ವರು, ಅಕ್ಕಾವ್ರ ಕೀಲಿ

ರಿವಾಲ್ವರ್ ಇಟ್ಟುಕೊಂಡವರಿಗೆ ಶತ್ರುಗಳಿಂದ ಎಷ್ಟು ತ್ರಾಸಾಗುತ್ತದೋ ನನಗೆ ಗೊತ್ತಿಲ್ಲ. ರಿವಾಲ್ವರಿನಿಂದಲೇ ಆಗುವ ತ್ರಾಸನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಅದರಲ್ಲೂ ಅದನ್ನು ಕಾರಿನಲ್ಲಿಟ್ಟುಕೊಂಡು ತಿರುಗುವವರಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ನಾನಾಗ ಹೊಸದಾಗಿ ಕರಿ ಕೋಟು ಹಾಕಿದ ಜ್ಯೂನಿಯರ್ ವಕೀಲ. ನಮ್ಮಪ್ಪ ಲಕ್ಷ್ಮೇಶ್ವರದಲ್ಲಿ ಅತ್ತರು ಮಾರುತ್ತಿದ್ದ. ನನ್ನ ಸೀನಿಯರ್ ಶಿರಹಟ್ಟಿ ಊರಿನವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕಾವ್ರು ಎನ್ನುತ್ತಿದ್ದೆ. ಮಕ್ಕಳಿಲ್ಲದ ಮನೆ. ಸರ್ ಹತ್ತಿರ ಒಂದು ಹಳೆಯ ಅಂಬಾಸಿಡರ್ ಇತ್ತು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನಗೆ ವಾದ ಮಾಡಲು ಬರುತ್ತಿರಲಿಲ್ಲ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

೧. ರಾಜಿ

ಒಂದು ಖಟ್ಲೆಯಲ್ಲಿ ಸೋತ ಬೆಳ್ಳಟ್ಟಿ ಕಡೆಯವನೊಬ್ಬ ಕೋರ್ಟಿನ ಬಾಗಿಲಲ್ಲೇ ನಿಂತು, "ವಕೀಲರ, ನಿಮ್ಮನ್ನ ಬಿಡೂದಿಲ್ಲ" ಎಂದು ಕೂಗಿ ಹೋಗಿದ್ದ. ಸರ್ ಹೆದರಿದರು. ಅರ್ಜಿ ಹಾಕಿ, ಓಡಾಡಿ, ಲೈಸೆನ್ಸು ಮಾಡಿಸಿ ಒಂದು ರಿವಾಲ್ವರು ತಂದರು. "ತಂದದ್ದೇನೋ ತಂದ್ರಿ, ಗುಂಡು ತುಂಬಿದ್ರ ಮಾತ್ರ ನಾ ತವರಿಗೆ ಹೋಗಾಕಿ" ಎಂದು ಅಕ್ಕಾವ್ರು ಕರಾರು ಹಾಕಿದರು. ಹಾಗಾಗಿ ಖಾಲಿ ರಿವಾಲ್ವರನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅರಿವೆಯಲ್ಲಿ ಸುತ್ತಿಟ್ಟು ಗದುಗಿನ ಕೋರ್ಟಿಗೆ ಹೊರಟೆವು.

ದಾರಿಯಲ್ಲಿ ಅಂತೂರ ಬೆಂತೂರದ ನಮ್ಮ ಕಕ್ಷಿದಾರನೊಬ್ಬ ಕೈ ಮಾಡಿ ಮುಂದಿನ ಸೀಟಿನಲ್ಲಿ ಕುಳಿತ. ಬದುವಿನ ಮೇಲಿನ ಬೇವಿನ ಮರ ಯಾರದೆಂದು ಒಡಹುಟ್ಟಿದ ತಮ್ಮನ ಮೇಲೆಯೇ ದಾವೆ ಹೂಡಿದ್ದ ಆಸಾಮಿ. ಸರ್ ಹಿಂದಿನ ಸೀಟಿನಿಂದ ತಿಳಿ ಹೇಳುತ್ತಲೇ ಇದ್ದರು: "ಒಂದ ಗಿಡ. ರಾಜಿ ಮಾಡ್ಕೊಂಡು ಬಿಡಪಾ."

"ಜೀವ ಹೋದ್ರೂ ಇಲ್ರಿ. ಸುಪ್ರೀಮ್ ಕೋರ್ಟ್‌ತನಕ ಹೋಗಾವ ನಾ."

ಆ ಮಾತು ಮುಗಿಯುವುದಕ್ಕೂ ಗಾಲಿ ದೊಡ್ಡ ತೆಗ್ಗಿನಲ್ಲಿ ಬೀಳುವುದಕ್ಕೂ ಸರಿಹೋಯಿತು. ಖಾನೆಯ ಬಾಗಿಲು ತಾನೇ ತೆರೆದುಕೊಂಡು ರಿವಾಲ್ವರು ಅವನ ತೊಡೆಯ ಮೇಲೆ ಬಂದು ಕುಂತಿತು. ಅವನು ಅದನ್ನು ನೋಡಿದ. ಹಿಂದೆ ತಿರುಗಿ ಸರ್ ಮುಖ ನೋಡಿದ. ಸರ್ ಗಾಬರಿಯಿಂದ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು.

"ಗಿಡ ತಮ್ಮಗ ಇರಲಿ ಬಿಡ್ರಿ ಸರ," ಎಂದ. "ಇಷ್ಟ್ ಕಳಕಳಿಯಿಂದ ನನಗ ಯಾರೂ ಹೇಳಿರಲಿಲ್ಲ."

೨. ಪೆಟಿಗಿ

ಈ ಸುದ್ದಿ ಕೇಳಿ ಅಕ್ಕಾವ್ರು ನಗಲಿಲ್ಲ. "ಅದನ್ನ ಬ್ಯಾರೆ ಯಾರರ ತಗೊಂಡಿದ್ರ? ಸಣ್ಣ ಹುಡುಗ್ರ ಕೈಗೆ ಸಿಕ್ಕಿದ್ರ?" ಎಂದು ಕೇಳಿದರು.

ಮಾರನೆಯ ದಿನವೇ ಬೆಟಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ತಯಾರಾಯಿತು. ಡಿಕ್ಕಿಯ ತಳಕ್ಕೆ ಬೋಲ್ಟು ಹಾಕಿ ಕೂರಿಸಿದೆವು; ಎತ್ತಿಕೊಂಡು ಹೋಗುವ ಮಾತೇ ಇಲ್ಲ. ಕೋರ್ಟಿನೊಳಗೆ ಆಯುಧ ಒಯ್ಯುವಂತಿಲ್ಲವಲ್ಲ, ಸರ್ ವಾದ ಮುಗಿಸಿ ಬರುವತನಕ ರಿವಾಲ್ವರು ಅದರೊಳಗೆ. ಸಂಜೆ ಮನೆಗೆ ಬಂದ ಕೂಡಲೇ ತಿಜೋರಿಗೆ. ಗುಂಡುಗಳಿಗೆ ಬೇರೆ ಡಬ್ಬಿ, ಬೇರೆ ಕೀಲಿ. ಪೆಟ್ಟಿಗೆಯ ಕೀಲಿ ಸರ್ ಜನಿವಾರದಂತೆ ಕೊರಳಿಗೆ ಹಾಕಿಕೊಂಡರು. ಗುಂಡಿನ ಡಬ್ಬಿಯ ಕೀಲಿ ಅಕ್ಕಾವ್ರ ಸೆರಗಿನ ಗಂಟಿಗೆ ಹೋಯಿತು. ಡ್ಯಾಶ್‌ಬೋರ್ಡಿನ ಖಾನೆ ಖಾಲಿಯಾಯಿತಲ್ಲ, ರಂಜಾನ್ ತಿಂಗಳಲ್ಲಿ ಅಕ್ಕಾವ್ರು ಅದರಲ್ಲಿ ನನಗಾಗಿ ಖರ್ಜೂರ ಇಡತೊಡಗಿದರು. ದಾರಿಯಲ್ಲಿ ರೋಜಾ ಬಿಡುವ ಹೊತ್ತಾದರೆ ಇರಲಿ ಎಂದು.

ಸರ್‌ಗೆ ಒಂದೇ ಅನುಮಾನ. "ಅಲ್ಲ, ಮುಂಡರಗಿ ಹಾದ್ಯಾಗ ಯಾರರ ಅಡ್ಡ ಗಟ್ಟಿದ್ರಂದ್ರ ನಾ ಏನ್ ಮಾಡ್ಲಿ? ಗುಂಡಿನ ಕೀಲಿ ನಿನ್ನ ಸೆರಗಿನ್ಯಾಗ!"

ಅಕ್ಕಾವ್ರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರನ್ನೂ ಕಾರಿನ್ಯಾಗ ಕುಂಡ್ರಿಸ್ಕೊಂಡು ಮನಿಗೆ ಕರ್ಕೊಂಡು ಬರ್ರಿ. ಊಟ ಮಾಡ್ಕೊಂಡು ಹೋಗ್ತಾರ."

೩. ತಪಾಸಣೆ

ಗದಗ ಹೊಸ ಜಿಲ್ಲೆಯಾಗಿತ್ತು. ಲೈಸೆನ್ಸಿನ ಕೆಲಸಕ್ಕೆ ಧಾರವಾಡಕ್ಕೆ ಹೋಗುವ ತಾಪತ್ರಯ ತಪ್ಪಿತೆಂದು ಸರ್‌ಗೆ ಖುಷಿಯೋ ಖುಷಿ. ಆಯುಧ ಹಾಜರುಪಡಿಸಿ ನವೀಕರಣ ಮಾಡಿಸಬೇಕಾಗಿತ್ತು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟರು. ಅಧಿಕಾರಿ ನಗುಮುಖದ ಮನುಷ್ಯ, ನಮಗೆ ಚಹಾ ಹೇಳಿ, "ಎಲ್ಲೈತ್ರಿ ರಿವಾಲ್ವರ್?" ಎಂದರು.

"ಡಿಕ್ಕಿಯೊಳಗ, ಕಬ್ಬಿಣದ ಪೆಟಿಗ್ಯಾಗ ಭದ್ರ ಐತ್ರಿ" ಎಂದು ಸರ್ ಎದೆಯುಬ್ಬಿಸಿ ಹೇಳಿ ಕೊರಳಿಗೆ ಕೈ ಹಾಕಿದರು. ಕೊರಳಲ್ಲಿ ಕೀಲಿ ಇರಲಿಲ್ಲ. ಬೆಳಿಗ್ಗೆ ರಿವಾಲ್ವರನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ ಮೇಲೆ, ಸ್ನಾನಕ್ಕೆ ತೆಗೆದಿಟ್ಟ ಕೀಲಿಯನ್ನು ಇಸ್ತ್ರಿ ಕೋಟಿನ ಸಂಭ್ರಮದಲ್ಲಿ ಮರೆತು ಬಂದಿದ್ದರು.

ಅಧಿಕಾರಿ ಹೊರಗೆ ಬಂದು ಪೆಟ್ಟಿಗೆ ತಟ್ಟಿ ನೋಡಿದರು. ಜಗ್ಗಿ ನೋಡಿದರು. ಬೋಲ್ಟು ಅಲುಗಲಿಲ್ಲ.

"ವಕೀಲ್ ಸಾಹೇಬ್ರ, ಇಷ್ಟ್ ಭದ್ರ ಇಟ್ಟಾವ್ರನ್ನ ನಾ ನೋಡೇ ಇಲ್ಲ. ಕಳ್ಳಗೂ ಸಿಗೂದಿಲ್ಲ, ನಿಮಗೂ ಸಿಗೂದಿಲ್ಲ."

೪. ದವಾಖಾನಿ

ಇಲ್ಲಿಂದ ಮುಂದೆ ನಗೆ ಕಡಿಮೆ.

ಅಕ್ಕಾವ್ರಿಗೆ ಹೊಟ್ಟೆನೋವೆಂದು ಶುರುವಾದದ್ದು ನಿಲ್ಲಲೇ ಇಲ್ಲ. ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದೆವು. ಗಡ್ಡೆ ಅಂದರು, ಆಪರೇಶನ್ ಅಂದರು. ಸರ್ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದರು. ಆಪರೇಶನ್ನಿಗೆ ಒಯ್ಯುವ ಮೊದಲು ಅಕ್ಕಾವ್ರು ನನ್ನನ್ನು ಒಳಗೆ ಕರೆದು, ದಿಂಬಿನ ಕೆಳಗಿಂದ ಗುಂಡಿನ ಡಬ್ಬಿಯ ಆ ಸಣ್ಣ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅವರ ಕೈ ಜ್ವರದಿಂದ ಬೆಂಕಿಯಂತೆ ಸುಡುತ್ತಿತ್ತು.

"ತಮ್ಮಾ, ಇದು ನಿನ್ನ ಹತ್ರ ಇರಲಿ. ನಾ ಬರೂತನಕ ಅವರ ಕೈಯಾಗ ಕೊಡಬ್ಯಾಡ."

"ಅಕ್ಕಾವ್ರ, ಅದು ಸರ್ರ ಲೈಸೆನ್ಸಿನ ಸಾಮಾನು. ನನ್ನ ಹತ್ರ ಹೆಂಗ್ರಿ..."

"ಕಾಯ್ದೆ ನನಗ ಹೇಳಬ್ಯಾಡ. ಅವರು ಗಟ್ಟಿ ಇದ್ದಂಗ ಕಾಣ್ತಾರ, ಇಲ್ಲ. ನಾ ಒಂದಿನ ಊರಿಗೆ ಹೋದ್ರ ಉಣ್ಣೂದಿಲ್ಲ, ಮಲಗೂದಿಲ್ಲ. ನನಗೇನರ ಆತಂದ್ರ..." ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವರೇ ಮಾತು ತಿರುಗಿಸಿದರು. "ಹಣೀ ಮ್ಯಾಲೆ ಚಷ್ಮಾ ಇಟ್ಕೊಂಡು ಮನಿ ತುಂಬ ಹುಡುಕೂ ಮನಷ್ಯಾ ಅವರು. ಅಂಥವರ ಕೈಯಾಗ ಯಾರರ ಗುಂಡು ಕೊಡ್ತಾರೇನೋ?"

ಆಪರೇಶನ್ ಆಯಿತು. ಅಕ್ಕಾವ್ರು ಮನೆಗೆ ಬರಲಿಲ್ಲ.

೫. ಹಮ್ಮಿಗಿಯ ದಂಡೆ

ಅದಾದ ಮೇಲೆ ಸರ್ ಕೋರ್ಟಿಗೆ ಬರುವುದನ್ನು ಬಿಟ್ಟರು. ನಾನು ಹೋದಾಗಲೆಲ್ಲ ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನಾನು ಒಯ್ದ ಊಟದ ಡಬ್ಬಿಯ ಅನ್ನ ಹಾಗೇ ಇರುತ್ತಿತ್ತು. ಗಡ್ಡ ಬೆಳೆದಿತ್ತು. ಮಾತಾಡಿಸಿದರೆ "ಹೂಂ" ಎನ್ನುವರು, ಅಷ್ಟೇ.

ಒಂದು ಬೆಳಿಗ್ಗೆ ತಾವಾಗಿಯೇ, "ಹಮ್ಮಿಗಿಗೆ ಹೋಗೂಣು ನಡಿ" ಎಂದರು. ಹಮ್ಮಿಗಿ ಅಕ್ಕಾವ್ರ ತವರೂರು. ಎದ್ದು ಹೊರಟರಲ್ಲ, ಜೀವ ಹಗುರಾದೀತು ಎಂದುಕೊಂಡೆ. ಆದರೆ ಡಿಕ್ಕಿಯಲ್ಲಿ ಪೆಟ್ಟಿಗೆಯ ಪಕ್ಕ ಗುಂಡಿನ ಡಬ್ಬಿಯೂ ಇತ್ತು. ಅದನ್ನು ನೋಡಿ ಕಿಸೆಯಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡೆ.

ಊರೊಳಗೆ ಹೋಗಲಿಲ್ಲ. ಹೊಳೆಯ ದಂಡೆಯಲ್ಲಿ ಕಾರು ನಿಲ್ಲಿಸಲು ಹೇಳಿ ಇಳಿದರು. ತುಂಗಭದ್ರೆಯಲ್ಲಿ ನೀರು ಇಳಿದಿತ್ತು. ಆಚೆ ಎಲ್ಲೋ ಪಂಪ್‌ಸೆಟ್ಟಿನ ಸಪ್ಪಳ. ನೀರು ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದರು:

"ತಮ್ಮಾ, ಡಬ್ಬಿ ಕೀಲಿ ನಿನ್ನ ಕಡೆ ಐತೇನು?"

"ಐತ್ರಿ ಸರ."

"ಕೊಡಿಲ್ಲೆ."

"ಯಾಕ್ರಿ?"

"ಯಾಕಂತ ಕೇಳಬ್ಯಾಡ. ಕೊಡು."

ಆಗ ಬಾಯಿಂದ ಹೊರಟದ್ದು, ಆ ಮನೆಯಲ್ಲಿ ಸರ್ ಏನೇ ಕೇಳಿದರೂ ನಾನು ಹೇಳುತ್ತಿದ್ದ ರೂಢಿಯ ಮಾತು.

"ಅಕ್ಕಾವ್ರನ್ನ ಒಂದ ಮಾತ ಕೇಳಿ ಕೊಡ್ತೀನ್ರಿ."

ಅಂದ ಮೇಲೆ ತಿಳಿಯಿತು ಏನಂದೆನೆಂದು. ನಾಲಗೆ ಕಚ್ಚಿಕೊಂಡೆ. ಸರ್ ಮೆಲ್ಲಗೆ ತಿರುಗಿ ನನ್ನನ್ನೇ ನೋಡಿದರು. ಅವರ ಹೆಗಲು ಅಲುಗತೊಡಗಿತು. ಮೊದಲು ನಗು ಬಂತು ಅವರಿಗೆ, ಖರೇ ನಗು. ನಗುನಗುತ್ತಲೇ ಮರಳಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದರು. ದವಾಖಾನೆಯಲ್ಲೂ ಅಳದಿದ್ದ ಮನುಷ್ಯ. ನಾನೂ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡು ಅತ್ತೆ.

"ತಲಿ ನೆಟ್ಟಗಿಲ್ಲ ತಮ್ಮಾ ನಂದು," ಎಂದರು ಕೊನೆಗೆ. "ಆಕಿ ಇಲ್ದ ಇರಾಕ ಆಗವಲ್ದು. ಅದು ಕೈಗೆ ಹತ್ರ ಇದ್ರ ಯಾವತ್ತರ ಒಂದಿನ ಏನರ ಮಾಡ್ಕೊಂಡ ಬಿಡ್ತೀನಿ. ದೂರ ಮಾಡು ಅದನ್ನ."

"ಇವತ್ತ ಮಾಡೂಣ್ರಿ. ಈಗ ಹಿಂಗ ಹೋಗಿ ಸ್ಟೇಶನ್ನಿಗೆ ಕೊಟ್ಟು ಬರೂಣು. ನಾಳೆ ಡಾಕ್ಟರ ಹತ್ರ ಹೋಗೂಣು, ನಾ ಬರ್ತೀನಿ."

ಮುಖ ಒರೆಸಿಕೊಂಡು ಹೊಳೆಯನ್ನು ಇನ್ನೊಮ್ಮೆ ನೋಡಿದರು. "ಆಕಿನ್ನ ಖರೆನ ಕೇಳಾಕ ಹೋಗಿದ್ರ ಏನಂತಿದ್ಲು ಹೇಳು?"

"ಏನಂತಿದ್ರು ಸರ?"

"'ಮೊದಲ ಉಣ್ರಿ, ಆಮ್ಯಾಲೆ ನೋಡೂಣು' ಅಂತಿದ್ಲು."

೬. ಸಂರಕ್ಷಣೆ

ಶಿರಹಟ್ಟಿಯ ಠಾಣೆಯಲ್ಲಿ ಆವತ್ತು ಇದ್ದವರು ದಪ್ಪ ಮೀಸೆಯ ಒಬ್ಬ ಹಿರಿಯ ಹವಾಲ್ದಾರರು. ಬೇರೆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ನಮ್ಮ ಪರಿಚಯ ಇರಲಿಲ್ಲ. ಸರ್ ರಿವಾಲ್ವರನ್ನೂ ಗುಂಡುಗಳನ್ನೂ ಮೇಜಿನ ಮೇಲಿಟ್ಟು, "ಇದನ್ನ ಜಮಾ ಮಾಡ್ಕೋರಿ. ಲೈಸೆನ್ಸನ್ನೂ ಬಿಟ್ಟು ಕೊಡ್ತೀನಿ" ಎಂದರು.

ಹವಾಲ್ದಾರರು ಅದನ್ನು ಜೋಪಾನವಾಗಿ ತೆರೆದು, ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

"ಎಷ್ಟ್ ಸಲ ಹಾರಿಸೀರಿ?"

"ಒಮ್ಮಿನೂ ಇಲ್ಲ."

"ಛಲೋ ಮಾಲು ಐತಲ್ರಿ ಸಾಹೇಬ್ರ. ವಕೀಲಕಿ ಮಾಡಾವ್ರಿಗೆ ವೈರಿಗಳು ಇದ್ದ ಇರ್ತಾರ. ಇದನ್ನ ಬಿಟ್ಟು ಕೊಟ್ರ ನಾಳೆ ನಿಮ್ಮ ಸಂರಕ್ಷಣಾ ಯಾರು ಮಾಡಾವ್ರು?"

ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ತಮ್ಮ ಅದಾನ್ರಿ" ಎಂದರು.

ಹವಾಲ್ದಾರರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯತನಕ ಅಳೆದರು. ಕಡ್ಡಿಯಂಥ ಕೈಕಾಲು, ಗೂಟಕ್ಕೆ ತೂಗು ಹಾಕಿದಂತಿದ್ದ ಕೋಟು, ಅತ್ತು ಅತ್ತು ಊದಿದ ಕಣ್ಣು, ಸೋರುತ್ತಿದ್ದ ಮೂಗು. ರಿವಾಲ್ವರನ್ನು ಮೆಲ್ಲಗೆ ಸರ್ ಕಡೆಗೆ ಸರಿಸಿದರು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ," ಎಂದರು, "ಇನ್ನೊಮ್ಮೆ ವಿಚಾರ ಮಾಡ್ರಿ."