ಐದನೇ ಅತ್ತಿಗೆಯ ಬೆನ್ನ ಹಿಂದೆ ಒಂದು ಬಟ್ಟಲು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಘಮ. ಇಪೋ ಊರಿನ ಫೂ ಯಜಮಾನನ ಕಾಫಿ ಅಂಗಡಿಯ ಹಿಂಬಾಗಿಲ ಮೂಲೆಯಿಂದ ಅದು ಏಳುತ್ತಿತ್ತು, ಫ್ಯಾನಿನ ಗಾಳಿಯಲ್ಲಿ ಈಜಿಕೊಂಡು ಬಂದು ನೇರವಾಗಿ ಲೋಕ್ ಯಿಕ್ ಪಾಂಗನ ಮೂಗಿನೊಳಗೇ ಕೂರುತ್ತಿತ್ತು. ತೆಂಗಿನಹಾಲು, ಒಣಮೆಣಸು, ನಿಂಬೆಹುಲ್ಲು. ಮೂರು ವಾರದ ಹಿಂದೆ ಬಂದ ತಾಮ್ ಎಂಬಾತನ ಕರ್ರಿ ನೂಡಲ್ಸ್ ಅದು. "ಮುಂಬಾಗಿಲಲ್ಲಿ ಯಾವುದಾದರೂ ಗಾಡಿಯ ಜಾಗ ಖಾಲಿಯಾಗುವವರೆಗೆ ಇಲ್ಲಿರು" ಎಂದು ಯಜಮಾನ ಅವನನ್ನು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಲ್ಲಿಸಿದ್ದ.

ಬೇಕಿದ್ದರೆ ತಿನ್ನಬಹುದಿತ್ತಲ್ಲ ಎನ್ನುವವರಿಗೆ ಐದನೇ ಅತ್ತಿಗೆ ಗೊತ್ತಿಲ್ಲ. ಯಾವುದೋ ಮನೆಯ ಐದನೇ ಮಗನ ಹೆಂಡತಿಯಾಗಿ ಬಂದವಳು ಈಗ ಊರಿಗೆಲ್ಲ ಐದನೇ ಅತ್ತಿಗೆ. ಅಂಗಡಿಯ ಮುಂಬಾಗಿಲಲ್ಲಿ ಅವಳ ಮೀನುಂಡೆ ನೂಡಲ್ಸಿನ ಗಾಡಿ. ಪಾಂಗ್ ಅಲ್ಲಿ ಹದಿನೆಂಟು ವರ್ಷದಿಂದ ತಿನ್ನುತ್ತಿದ್ದ. ಏನು ಬೇಕೆಂದು ಅವಳು ಕೇಳಿದ್ದು ಮೊದಲ ದಿನ ಮಾತ್ರ. ಆಮೇಲೆ ಅವನ ಸ್ಕೂಟರ್ ತಿರುವಿನಲ್ಲಿ ಕೆಮ್ಮಿತೆಂದರೆ ಸಾಕು, ನೂಡಲ್ಸ್ ಕುದಿಯುವ ನೀರಿಗೆ ಬೀಳುತ್ತಿತ್ತು. ಅವನು ಕೂರುವುದಕ್ಕೂ ಬಟ್ಟಲು ಬರುವುದಕ್ಕೂ ಸರಿಹೋಗುತ್ತಿತ್ತು. ಅದನ್ನು ನೋಡಿ "ಇವತ್ತು ಬೇಡ" ಎನ್ನುವುದೆಂದರೆ ದಿಬ್ಬಣ ಬಂದಿಳಿದ ಮೇಲೆ ಹೆಣ್ಣು ಬೇಡವೆಂದ ಹಾಗೆ. ಮೀನುಂಡೆ ಕಂಡರೆ ಪಾಂಗನಿಗೆ ಬೇಸರ ಬರತೊಡಗಿ ಹನ್ನೊಂದು ವರ್ಷವಾಗಿತ್ತು.

ಆ ಮಂಗಳವಾರ ಅವನು ಗಟ್ಟಿಮನಸ್ಸು ಮಾಡಿದ. ಒಂದೇ ಒಂದು ಬಟ್ಟಲು ಕರ್ರಿ ನೂಡಲ್ಸ್, ಅತ್ತಿಗೆಯ ಕಣ್ಣಿಗೆ ಬೀಳದ ಹಾಗೆ. ಸ್ಕೂಟರನ್ನು ಎರಡು ಬೀದಿ ಆಚೆ ನಿಲ್ಲಿಸಿದ. ಹಿಂದಿನ ಓಣಿಯ ಚರಂಡಿ ದಾಟುವಾಗ ನೆನೆಹಾಕಿದ ಮೊಳಕೆಕಾಳಿನ ಬಕೆಟ್ಟಿನೊಳಗೆ ಒಂದು ಕಾಲು ಇಟ್ಟ. ಪಚಪಚ ಸದ್ದು ಮಾಡುವ ಬೂಟಿನಲ್ಲಿ ಬೆಕ್ಕಿನಂತೆ ಹೆಜ್ಜೆ ಹಾಕುತ್ತ ಹಿಂಬಾಗಿಲಿಂದ ಒಳಬಂದು ತಾಮನ ಕಿವಿಯ ಹತ್ತಿರ ಬಾಗಿದ.

"ಒಂದು ಬಟ್ಲು. ಮೆಲ್ಲಗೆ."

"ಮೆಲ್ಲಗೆ ಅಂದ್ರೆ? ಖಾರ ಕಮ್ಮಿನಾ ಅಣ್ಣ?"

"ಖಾರ ಎಷ್ಟಾದ್ರೂ ಹಾಕು. ಸದ್ದು ಕಮ್ಮಿ ಮಾಡು."

ಕಂಬದ ಮರೆಯ ಕಲ್ಲುಮೇಜಿಗೆ ಕೂತು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಆದರೆ ಅಂಗಡಿಯಲ್ಲಿ ಕೂತವರು ಏನಾದರೂ ಕುಡಿಯಲೇಬೇಕು. ಕುಡಿಯುವುದು ಏನೆಂದು ಫೂ ಯಜಮಾನ ಒಲೆಯವರೆಗೂ ಕೇಳುವಂತೆ ಕೂಗಲೇಬೇಕು. ಪಾಂಗ್ ಕುಡಿಯುವುದು ಬೆಣ್ಣೆಯ ತುಂಡು ತೇಲಿಸಿದ ಕಾಫಿ. ಅದನ್ನು ಕುಡಿಯುವವರು ಇಡೀ ಅಂಗಡಿಯಲ್ಲಿ ಮತ್ತೊಬ್ಬರಿಲ್ಲ. ಹೆಸರು ಹಿಡಿದು ಕೂಗಿದರೂ ಒಂದೇ, ಬೆಣ್ಣೆ ಕಾಫಿ ಎಂದು ಕೂಗಿದರೂ ಒಂದೇ. ಇದನ್ನು ಅವನು ಹಿಂದಿನ ದಿನವೇ ಯೋಚಿಸಿಟ್ಟುಕೊಂಡಿದ್ದ.

"ಟೀ" ಎಂದ, ಪತ್ರಿಕೆಯ ಹಿಂದಿನಿಂದ, ದನಿ ಬದಲಿಸಿ.

ಒಂದು ಬೆರಳು ಪತ್ರಿಕೆಯನ್ನು ಕೆಳಗೆಳೆಯಿತು. ಯಜಮಾನ ಕಣ್ಣರಳಿಸಿದ. "ಪಾಂಗ್? ನೀನಾ? ಟೀನಾ?" ಮರುಕ್ಷಣವೇ ಒಲೆಯ ಕಡೆ ತಿರುಗಿ ಕೂಗಿದ, "ಹನ್ನೊಂದನೇ ಮೇಜಿಗೆ ಟೀ! ಪಾಂಗ್‌ಗೆ! ಹೌದಪ್ಪ, ಟೀನೇ!"

ಅರ್ಧಬೆಂದ ಮೊಟ್ಟೆಗೆ ಸೋಯಾ ಸಾಸ್ ಸುರಿಯುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು. ಅವನ ಓಣಿಯಲ್ಲೇ ಇರುವ ಲಾನ್ ಅಕ್ಕ ಕೇಳದೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಹೊಟ್ಟೆ ಕೆಟ್ಟಿದ್ಯಾ?"

"ಇಲ್ಲ ಅಕ್ಕ."

"ಹೆಂಡ್ತಿ ಬೈದ್ಲಾ?"

"ಅವಳು ಊರಲ್ಲೇ ಇಲ್ಲ."

"ಹಂಗಾದ್ರೆ ಹೊಟ್ಟೆನೇ."

ಅಷ್ಟರಲ್ಲಿ ತಾಮ್ ಹೊಗೆಯಾಡುವ ಬಟ್ಟಲನ್ನು ತಂದಿಟ್ಟ. ಲಾನ್ ಅಕ್ಕನಿಗೂ ಐದನೇ ಅತ್ತಿಗೆಗೂ ಎಂಥ ಗೆಳೆತನವೆಂದರೆ, ಒಬ್ಬಳು ಸೀನಿದರೆ ಇನ್ನೊಬ್ಬಳು ಮೂಗೊರೆಸಿಕೊಳ್ಳುತ್ತಿದ್ದಳು. ಪಾಂಗ್ ಗಾಬರಿಯಿಂದ ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದ. "ಇದು ಅಕ್ಕಂಗೆ."

"ನಂಗಾ? ನಾನು ಹೇಳೇ ಇಲ್ಲ!"

"ನೀವು ಬರ್ತೀರಿ ಅಂತ ನಾನೇ ಹೇಳಿದ್ದೆ."

ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ಲಾನ್ ಅಕ್ಕನ ವಂಶದಲ್ಲೇ ಇರಲಿಲ್ಲ. ತಿನ್ನುತ್ತ ಸುಮ್ಮನಿರುವ ಪದ್ಧತಿಯೂ ಇರಲಿಲ್ಲ. "ಅಯ್ಯಯ್ಯೋ, ಈ ತೋಫು ಹೆಂಗೆ ಸಾರು ಹೀರ್ಕೊಂಡಿದೆ ನೋಡು! ಕಚ್ಚಿದ್ರೆ ಚಿಲ್ಲಂತ ಬರತ್ತೆ!" ಪಾಂಗ್ ಉಗುಳು ನುಂಗಿ ತಾಮನಿಗೆ ಗುಟ್ಟಾಗಿ ಒಂದು ಬೆರಳೆತ್ತಿದ.

"ಇನ್ನೊಂದಾ ಅಣ್ಣ?" ತಾಮ್ ಅಲ್ಲಿಂದಲೇ ಕೂಗಿದ.

ಮುಂಬಾಗಿಲ ಹಬೆಯ ಮೇಲೆ ಅತ್ತಿಗೆಯ ಕತ್ತು ಎದ್ದಿತು. ಪಾಂಗ್ ಮೇಜಿನಡಿಗೆ ತೂರಿ, ಬಿದ್ದೇ ಇಲ್ಲದ ನೂಡಲ್ಸ್ ತಿನ್ನುವ ಕಡ್ಡಿಯನ್ನು ಹುಡುಕತೊಡಗಿದ.

"ಬೆನ್ನೂ ಹೋಯ್ತಾ?" ಲಾನ್ ಅಕ್ಕ ಕೊನೆಯ ಗುಟುಕು ಸಾರು ಕುಡಿದು ಎದ್ದಳು. "ಇರು, ಅತ್ಗೆಗೆ ಹೇಳಿ ಗಂಜಿ ಮಾಡಿಸ್ತೀನಿ."

"ಬೇಡ ಅಕ್ಕ! ಅಕ್ಕಾ!"

ಅಕ್ಕ ಆಗಲೇ ಅರ್ಧ ಅಂಗಡಿ ದಾಟಿದ್ದಳು. ಎರಡನೇ ಬಟ್ಟಲು ಬಂತು. ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ. ಪಾಂಗ್ ಸಿಕ್ಕಷ್ಟನ್ನು ಒಮ್ಮೆಲೇ ಬಾಯಿಗೆ ತುಂಬಿದ. ಮೆಣಸಿನ ಸಾರು ದಾರಿ ತಪ್ಪಿ ಮೂಗಿಗೇರಿತು. ಕಣ್ಣಿಂದ ಧಾರೆ, ಮೂಗಿನಿಂದ ಹೊಳೆ. ತಡಬಡಿಸಿ ಬಟ್ಟಲಿನ ಮೇಲೆ ಪತ್ರಿಕೆ ಮುಚ್ಚಿ ತಲೆಯೆತ್ತಿದರೆ, ಎದುರಿಗೆ ಸೌಟು ಹಿಡಿದ ಐದನೇ ಅತ್ತಿಗೆ.

"ಯಾರು ಹೇಳಿದ್ರು ನಿಂಗೆ?" ಎಂದಳು, ಅವನ ಕಣ್ಣೀರು ನೋಡಿ.

ಗಂಟಲು ಉರಿಯುತ್ತಿದ್ದ ಪಾಂಗ್ ತಲೆಯಲ್ಲಾಡಿಸಿದ.

"ಯಾರೂ ಬಾಯಿ ಬಿಡಬೇಡಿ ಅಂದಿದ್ನಲ್ಲ!" ಅವಳು ಯಜಮಾನನ ಕಡೆ ತಿರುಗಿದಳು. "ಇವತ್ತು ನಾನೇ ಹೇಳೋಣ ಅಂತಿದ್ದೆ."

"ನನ್ನಾಣೆ ನಾನು ಹೇಳಿಲ್ಲ ಅತ್ಗೆ."

"ನಾನೇನು ಹೇಳೋ ತರದವಳಾ?" ಎಂದಳು ಲಾನ್ ಅಕ್ಕ. ಎಲ್ಲರೂ ಚಾವಣಿಯ ಫ್ಯಾನು ನೋಡಿದರು.

ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ಕೂತಳು. "ನನ್ನ ಮಂಡಿ ಸೋತಿದೆ ಪಾಂಗ್. ನಾಳೆಯಿಂದ ಗಾಡಿ ಮುಚ್ಚಿ ಸೆರೆಂಬಾನಿಗೆ, ಮಗಳ ಮನೆಗೆ ಹೋಗ್ತಿದೀನಿ. ಮುಂಬಾಗಿಲ ಜಾಗ ಈ ತಾಮ್‌ಗೆ."

ನಾಳೆಯಿಂದ! ಮುಂಬಾಗಿಲಲ್ಲೇ ತಾಮ್! ಪ್ರತಿದಿನ, ರಾಜಾರೋಷವಾಗಿ, ಸ್ಕೂಟರಿನಲ್ಲಿ ಬಂದು! ಪಾಂಗನಿಗೆ ನಗು ಒತ್ತರಿಸಿ ಬಂತು. ಅದೇ ಹೊತ್ತಿಗೆ ಒಳಗಿದ್ದ ಮೆಣಸಿನ ಎರಡನೇ ಅಲೆಯೂ ಎದ್ದಿತು. ಎರಡೂ ಗಂಟಲಲ್ಲಿ ಡಿಕ್ಕಿ ಹೊಡೆದು, ಹೊರಬಂದದ್ದು ಒಂದು ದೊಡ್ಡ ಬಿಕ್ಕು.

"ನನ್ನ ಮುಖ ನೋಡೋಕಾಗ್ದೆ ಹಿಂಬಾಗಿಲಿಂದ ಬಂದ್ಯಾ? ಕಾಫೀನೂ ಬಿಟ್ಯಾ?" ಅತ್ತಿಗೆಯ ಕಣ್ಣೂ ತುಂಬಿತು. "ನನ್ನ ಗಂಡ ಸತ್ತಾಗ್ಲೂ ಯಾರೂ ಹಿಂಗೆ ಅತ್ತಿರಲಿಲ್ಲ."

"ಹಂಗಲ್ಲ ಅತ್ಗೆ... ಅದು... ಖಾ..."

"ಮಾತಾಡ್ಬೇಡ. ಗೊತ್ತಾಯ್ತು." ಅವಳು ಸೌಟನ್ನು ಕತ್ತಿಯಂತೆ ಎತ್ತಿ ನಿಂತಳು. "ಮಂಡಿ ಹಾಳಾಗ್ಲಿ! ಇನ್ನು ಹತ್ತು ವರ್ಷ ನಾನೆಲ್ಲೂ ಹೋಗಲ್ಲ!"

ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಯಜಮಾನ ಕತ್ತು ಕೆರೆದುಕೊಳ್ಳುತ್ತ ತಾಮನ ಮುಖ ನೋಡಿದ. ತಾಮ್ ನಿಟ್ಟುಸಿರಿಟ್ಟ. "ಹಂಗಾದ್ರೆ ತೈಪಿಂಗ್‌ನಲ್ಲಿ ಒಂದು ಜಾಗ ಇದೆ. ಇವತ್ತೇ ಹೊರಡ್ತೀನಿ ಬಿಡಿ." ಹೋಗುವ ಮುಂಚೆ ಬಟ್ಟಲು ಒಟ್ಟುಮಾಡಲು ಬಂದವನು ಪತ್ರಿಕೆ ಎತ್ತಿದ. "ಇದೇನಣ್ಣ, ಒಂದೇ ತುತ್ತು ತಿಂದಿದೀರಿ. ರುಚಿ ಹಿಡಿಸ್ಲಿಲ್ವಾ?"

ಚಪ್ಪಾಳೆ ನಿಂತಿತು. ಅತ್ತಿಗೆ ಬಟ್ಟಲನ್ನು ನೋಡಿದಳು. ಆಮೇಲೆ ಪಾಂಗನನ್ನು ನೋಡಿದಳು. ಸೌಟು ಇನ್ನೂ ಮೇಲೇ ಇತ್ತು.

"ಇಲ್ಲ" ಎಂದ ಪಾಂಗ್, ಜೀವವೇ ಹೋದಂತೆ. "ಹಿಡಿಸ್ಲಿಲ್ಲ."

"ನೋಡಿದ್ರಾ!" ಅತ್ತಿಗೆಯ ಮುಖ ಅರಳಿತು. ಓಡುವ ನಡಿಗೆಯಲ್ಲಿ ಹೋಗಿ ತನ್ನ ಬಟ್ಟಲು ತಂದು ಮುಂದಿಟ್ಟಳು. "ಎರಡು ಉಂಡೆ ಜಾಸ್ತಿ ಹಾಕಿದೀನಿ. ಇನ್ಮೇಲೆ ದಿನಾ ಇಷ್ಟೇ." ಪಾಂಗ್ ಮೊದಲ ಉಂಡೆ ನುಂಗುವವರೆಗೂ ಅವಳು ಕೈಕಟ್ಟಿ ನಿಂತೇ ಇದ್ದಳು.

ಲಾನ್ ಅಕ್ಕ ತುಟಿಯಂಚಿನ ಸಾರನ್ನು ನಾಲಗೆಯಿಂದ ಒರೆಸಿಕೊಂಡಳು.

"ಪಾಪ ಕಣೋ ಆ ತಾಮ್" ಎಂದಳು ಮೆಲ್ಲಗೆ. "ಅಷ್ಟು ಚೆನ್ನಾಗಿತ್ತು. ನೀನು ಒಂದ್ಸಲನಾದ್ರೂ ಸರಿಯಾಗಿ ತಿಂದು ನೋಡ್ಬೇಕಿತ್ತು."