ಎಡಗೈ ಊಟದ ತರಬೇತಿ

ನನ್ನ ಕೈಗಳಿಗೆ ಸುಮ್ಮನೆ ಕೂಡುವುದು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವವರ ಹಾಗೆ ಹೇಳುತ್ತಿದ್ದೇನೆ. ಎದುರಿಗಿದ್ದವರು ಅಂಗಿಯ ಗುಂಡಿ ಹುಡುಕುತ್ತಿದ್ದರೆ ನನ್ನ ಬೆರಳುಗಳು ಅಲ್ಲಿಗೆ ಹೋಗಿ ಗುಂಡಿ ಹಾಕಿ ಬಂದಿರುತ್ತವೆ. ಮಾನ್ವಿಯ ನಮ್ಮ ತವರಿಗೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಎಷ್ಟು ಕೂಸುಗಳ ಮೂಗು ಒರೆಸಿದ್ದೇನೋ ಆ ಶಿವನಿಗೇ ಗೊತ್ತು. ಒಮ್ಮೆ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತ ಹಿರಿಯರೊಬ್ಬರು ಹೋಳಿಗೆ ಮುರಿಯಲು ತಡಮಾಡುತ್ತಿದ್ದರು. ನಾನು ಅದನ್ನು ಮುರಿದು, ತುಪ್ಪದಲ್ಲಿ ಅದ್ದಿ, ಅವರ ಬಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ನಮ್ಮನೆಯವರು ಜೋರಾಗಿ ಕೆಮ್ಮಿದರು. ದೇವರ ದಯೆ, ಆ ಹೊತ್ತಿಗೆ ಸರಿಯಾಗಿ ಅವರಿಗೆ ಕೆಮ್ಮು ಬಂತು.

ದೇವರ ಇಂಥ ಸಣ್ಣ ದಯೆಗಳನ್ನು ಸಂಜೆ ದೀಪ ಹಚ್ಚಿದ ಮೇಲೆ ಬೆರಳು ಮಡಿಚಿ ಎಣಿಸುವುದು ನನ್ನ ರೂಢಿ. ಸ್ಟೋವು ಮೊದಲನೇ ಕಡ್ಡಿಗೇ ಹತ್ತಿತು, ಒಂದು. ನಳಕ್ಕೆ ನೀರು ಬಂದಾಗ ನಾನು ಮನೆಯಲ್ಲೇ ಇದ್ದೆ, ಎರಡು. ದೊಡ್ಡ ದಯೆಗಳನ್ನು ದೊಡ್ಡವರು ಎಣಿಸಲಿ, ನನಗೆ ಇಷ್ಟು ಸಾಕು.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಾವಾಗ ರಾಯಚೂರಿನಲ್ಲಿದ್ದೆವು. ನಮ್ಮನೆಯವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮಕ್ಕಳು ತಮ್ಮ ತಲೆ ತಾವೇ ಬಾಚಿಕೊಳ್ಳುವಷ್ಟು ದೊಡ್ಡವರಾಗಿ ನನ್ನ ಕೈಗಳಿಗೆ ಕೆಲಸ ಕಡಿಮೆಯಾಗಿತ್ತು. ನಮ್ಮ ಓಣಿಯ ಖೈರುನ್ನಬಿ ಒಂದು ದವಾಖಾನೆಯಲ್ಲಿ ಆಯಾ ಆಗಿದ್ದಳು. ಅಲ್ಲಿ ಏಳನೇ ಇಯತ್ತೆ ಪಾಸಾದ ಹೆಂಗಸರಿಗೆ ರೋಗಿಗಳ ಆರೈಕೆಯ ಮೂರು ತಿಂಗಳ ತರಬೇತಿ ಕೊಡುತ್ತಾರೆ ಎಂದು ಆಕೆಯೇ ಬಂದು ಹೇಳಿದಳು. ನನ್ನ ಕೈ ನೋಡಿದರೆ ದವಾಖಾನೆಗೇ ಹುಟ್ಟಿದ ಹಾಗಿದೆ ಎಂದೂ ಸೇರಿಸಿದಳು. ನಮ್ಮನೆಯವರಿಗೆ ತಿಳಿಸಿದಾಗ ಅವರು ಪೇಪರಿನಿಂದ ಮುಖ ಎತ್ತದೆ, "ಮನ್ಯಾಗ ಮಾಡೂದನ್ನ ಅಲ್ಲಿ ಹೋಗಿ ಕಲೀತೀಯೇನು?" ಎಂದರು. ಬೇಡ ಅನ್ನಲಿಲ್ಲವಲ್ಲ. ಆ ದಿನದ ದಯೆಗಳಲ್ಲಿ ಅದನ್ನೇ ಮೊದಲು ಎಣಿಸಿದೆ.

ಮೊದಲ ತಿಂಗಳು ನನ್ನಷ್ಟು ಜಾಣೆ ಇನ್ನೊಬ್ಬಳಿರಲಿಲ್ಲ. ರೋಗಿ ಮಲಗಿದ್ದಂತೆಯೇ ಕೆಳಗಿನ ಚಾದರ ಬದಲಿಸುವುದು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ಮಗ್ಗಲು ಹೊರಳಿಸುವುದು, ಎಲ್ಲ ಬಂತು. ಜ್ವರ ನೋಡುವ ಗಾಜಿನ ಕಡ್ಡಿಯನ್ನು ಝಾಡಿಸುವಾಗ ಮಾತ್ರ ಅದು ಕೈ ಜಾರಿ ಗೋಡೆಗೆ ಹೋದೀತೆಂದು ಮನಸ್ಸಿನಲ್ಲೇ ಶಿವಶಿವಾ ಎನ್ನುತ್ತಿದ್ದೆ. ನಮಗೆ ಕಲಿಸುತ್ತಿದ್ದ ಸಿಸ್ಟರ್ ಬಳ್ಳಾರಿ ಕಡೆಯವರು, ವಯಸ್ಸಾದವರು, ನಗುವನ್ನು ಔಷಧದ ಹಾಗೆ ಅಳೆದು ಕೊಡುವವರು. ಅವರು ಎರಡು ಸಲ ನನ್ನ ಕೆಲಸ ಮೆಚ್ಚಿ ತಲೆಯಾಡಿಸಿದ್ದರು.

ಎರಡನೇ ತಿಂಗಳು ಪಾಠ ತಿರುಗಿಬಿಟ್ಟಿತು. ರೋಗಿ ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ನೀವು ಮಾಡಿಕೊಡಬೇಡಿ ಎಂದರು ಸಿಸ್ಟರ್. ಹತ್ತು ನಿಮಿಷ ಹಿಡಿಯಲಿ, ಅರ್ಧ ಚೆಲ್ಲಲಿ, ನೀವು ಹತ್ತಿರ ನಿಂತಿರಬೇಕು, ಕೈ ಹಾಕಬಾರದು. ನನಗೆ ಇದು ಎಂಥ ಧರ್ಮ ಅನ್ನಿಸಿತು. ಉಣಿಸುವುದು ಪುಣ್ಯ ಎಂದು ಹೇಳಿಸಿಕೊಂಡು ಬೆಳೆದವಳಿಗೆ ಉಣಿಸದೆ ನಿಲ್ಲುವುದನ್ನು ಕಲಿಸಿದರೆ? ಒಬ್ಬ ಮುದುಕಪ್ಪ ಅಂಗಿ ಹಾಕಿಕೊಳ್ಳುವಾಗ ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳತೊಡಗಿದೆ. ಕಣ್ಣು ತೆರೆದಾಗ ಅವನ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಯಾಗಿತ್ತು, ನನ್ನ ಕೈ ಅವನ ಕಾಲರಿನ ಮೇಲಿತ್ತು. ಸಿಸ್ಟರ್ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಕೊನೆಯ ಪರೀಕ್ಷೆಗೆಂದು ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ವಹಿಸಿದರು. ನನ್ನ ಪಾಲಿಗೆ ಬಂದವಳು ದೇವದುರ್ಗ ತಾಲೂಕಿನ ಜಾಲಹಳ್ಳಿಯ ಈರಮ್ಮ. ಅರವತ್ತು ದಾಟಿದ ಹೆಂಗಸು. ಲಕ್ವಾ ಹೊಡೆದು ಬಲಗೈ ಸೋತಿತ್ತು. ಬಾಯಿಗೆ ಏನೂ ಆಗಿರಲಿಲ್ಲ, ವಾರ್ಡಿಗೆಲ್ಲ ಗೊತ್ತಿತ್ತು. ಎಡಗೈಯಿಂದ ಉಣ್ಣುವುದನ್ನು ಆಕೆಗೆ ರೂಢಿ ಮಾಡಿಸಬೇಕು, ಅದೇ ನನ್ನ ಪರೀಕ್ಷೆ. ಈರಮ್ಮ ಒಪ್ಪಲಿಲ್ಲ. ಆ ಕೈಯಿಂದ ನಾವು ಏನೇನು ಮಾಡುತ್ತೇವೆ ಗೊತ್ತಿಲ್ಲವೇನು ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಪ್ರಸಾದಕ್ಕೆ ಎಡಗೈ ಚಾಚಿದ್ದಕ್ಕೆ ನಮ್ಮವ್ವ ಕೊಟ್ಟ ಏಟಿನ ಜಾಗ ಈಗಲೂ ಚುರುಗುಟ್ಟುತ್ತದೆ. ಹಾಗಾಗಿ ನಾನು ಮಾಡಿದ್ದೇನೆಂದರೆ, ಸಿಸ್ಟರ್ ಆಚೆ ತಿರುಗಿದ ಕೂಡಲೇ ನಾನೇ ಉಣಿಸಿಬಿಡುತ್ತಿದ್ದೆ. ಎಂಟು ದಿನ ಉಣಿಸಿದೆ. ಎಂಟು ದಿನವೂ ಸಂಜೆ ಅದನ್ನು ದೀಪದ ಮುಂದೆ ಎಣಿಸಿದೆ.

ಒಂಬತ್ತನೇ ದಿನ ಈರಮ್ಮನ ಸೊಸೆ ದೇವದುರ್ಗದ ಕೆಂಪು ಬಸ್ಸಿನಲ್ಲಿ ಬಂದಳು. ಬರುವ ಸೋಮವಾರ ಅತ್ತೆಯನ್ನು ಕರೆದುಕೊಂಡು ಹೋಗಬೇಕಿತ್ತು. ನಾನು ರೊಟ್ಟಿ ನೆನೆಸಿ ತುತ್ತು ಮಾಡುವುದನ್ನು ನೋಡುತ್ತ ನಿಂತಳು, ಆಮೇಲೆ ನನ್ನನ್ನು ಬಾಗಿಲಿನ ಆಚೆ ಕರೆದಳು.

"ಅಕ್ಕಾರ, ನೀವು ಉಣಸ್ತೀರಿ, ಚೊಲೋ ಆತು. ನಾವು ಗಂಡ ಹೆಂಡ್ತಿ ಹೊತ್ತು ಮೂಡಿ ಹೊಲಕ್ಕ ಹೋದ್ರ ಸಂಜಿಗೇ ಬರೂದು. ನಡುವ ಆಕಿಗಿ ಯಾರು ಉಣಸ್ತಾರ್ರೀ? ತಾಟು ಮುಚ್ಚಿಟ್ಟು ಹೋದ್ರ ತಾಟು ನೋಡಕೋತ ಕುಂದರ್ತಾಳ."

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಆ ಸಂಜೆ ದೀಪ ಹಚ್ಚಿ ಕೂತರೆ ಮಡಿಚಲು ಒಂದು ಬೆರಳೂ ಬರಲಿಲ್ಲ. ನಾನು ಎಂಟು ದಿನ ಪುಣ್ಯ ಕಟ್ಟಿಕೊಂಡೆನೆಂದು ತಿಳಿದಿದ್ದೆ. ಕಟ್ಟಿಕೊಟ್ಟದ್ದು ಈರಮ್ಮನಿಗೆ ಮಧ್ಯಾಹ್ನದ ಹಸಿವನ್ನು. ಸೋಮವಾರಕ್ಕೆ ಮೂರೇ ದಿನ ಉಳಿದಿದ್ದವು.

ಮರುದಿನ ಮುಂಜಾನೆ ಈರಮ್ಮ ಎಂದಿನಂತೆ ಪೂಜೆಗೆ ಕೂತಳು. ಅವಳೂ ನಮ್ಮ ಹಾಗೆಯೇ ಲಿಂಗ ಕಟ್ಟಿದವಳು. ಕೊರಳಿನ ಕರಡಿಗೆಯಿಂದ ಲಿಂಗವನ್ನು ತಾನೇ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಇನ್ನೊಬ್ಬರ ಲಿಂಗವನ್ನು ನಾವು ಮುಟ್ಟುವಂತಿಲ್ಲ. ಅದಕ್ಕೆ ನಾನು ಅವಳ ಸೋತ ಬಲಗೈಯ ಮಣಿಕಟ್ಟು ಹಿಡಿದು ವಿಭೂತಿ ಹಚ್ಚಿಸುತ್ತಿದ್ದೆ. ಆ ದಿನ ಹಚ್ಚಿಸುತ್ತಿದ್ದಾಗ ಶಿವನೇ ನನ್ನ ಕಿವಿಯಲ್ಲಿ ಹೇಳಿದ ಹಾಗಾಯಿತು. ಪೂಜೆ ಮುಗಿಯುವವರೆಗೆ ತಡೆದುಕೊಂಡು ಕೇಳಿದೆ: "ಯವ್ವಾ, ದಿನಾ ಮುಂಜಾನಿ ದೇವ್ರು ಬಂದು ಯಾವ ಕೈಯಾಗ ಕುಂದರ್ತಾನ?"

ಈರಮ್ಮ ತನ್ನ ಎಡಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ನಾನು ಗೆದ್ದೆ ಅಂದುಕೊಂಡೆ.

"ಅದಕ್ಕಽ ಮತ್ತ," ಎಂದಳು. "ಲಿಂಗಪ್ಪ ಕುಂತ ಕೈ. ಅದನ್ನ ಎಂಜಲ ಮಾಡಂತೀಯೇನು?"

ನಿನ್ನೆಯವರೆಗೆ ಬಾಯಿಗೆ ಒಯ್ಯಲಾಗದಷ್ಟು ಮೈಲಿಗೆಯಾಗಿದ್ದ ಕೈ ಈಗ ಬಾಯಿಗೆ ಒಯ್ಯಲಾಗದಷ್ಟು ಮಡಿಯಾಗಿತ್ತು. ಅದಕ್ಕೆ ಹೊಲಸು ಬಳಿದವಳು ಅವಳು, ದೇವರ ಪಟ್ಟ ಕಟ್ಟಿದವಳು ನಾನು. ಶಾಸ್ತ್ರ ಹೇಳಿ ಈರಮ್ಮನನ್ನು ಗೆಲ್ಲುವುದು ನನ್ನಿಂದಾಗದು ಎಂದು ತಿಳಿಯಿತು.

ಶನಿವಾರ ಮಧ್ಯಾಹ್ನ ನಾನು ನನ್ನ ಬುತ್ತಿಯ ಡಬ್ಬಿಯನ್ನು ತೆಗೆದುಕೊಂಡು ಹೋಗಿ, ರೊಟ್ಟಿ ಪಲ್ಯ ತಾಟಿಗೆ ಹಾಕಿಕೊಂಡು ಅವಳ ಎದುರಿಗೇ ಕೂತೆ. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ತಪ್ಪಾಯಿತಪ್ಪಾ ಎಂದು ಮನಸ್ಸಿನಲ್ಲೇ ಶಿವನಿಗೆ ಹೇಳಿ, ನಮ್ಮವ್ವನಿಗೂ ಹೇಳಿ, ಎಡಗೈಯನ್ನು ರೊಟ್ಟಿಗೆ ಹಾಕಿದೆ. ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ಜೋಳದ ರೊಟ್ಟಿ ಮುರಿದು ನೋಡಿದ್ದೀರಾ? ರೊಟ್ಟಿ ತಾಟಿನ ಸುತ್ತ ತಿರುಗಿತೇ ಹೊರತು ಹರಿಯಲಿಲ್ಲ. ಹರಿದ ತುಂಡಿನಲ್ಲಿ ಪುಂಡಿಪಲ್ಯ ನಿಲ್ಲಲಿಲ್ಲ. ನಿಂತದ್ದು ಬಾಯಿಗೆ ಬರದೆ ಗಲ್ಲಕ್ಕೆ ಬಂತು. ಪಕ್ಕದ ಮಂಚದವರು ನಗತೊಡಗಿದರು. ಎರಡನೇ ತುತ್ತು ಸೀರೆಗೆ ಹೋಯಿತು.

ಈರಮ್ಮ ಬಹಳ ಹೊತ್ತು ನೋಡಿದಳು. ನನಗಿರುವ ರೋಗವೇ ಅವಳಿಗೂ ಇತ್ತು ಎಂದು ಕಾಣುತ್ತದೆ. ಇನ್ನೊಬ್ಬರು ಒದ್ದಾಡುವುದನ್ನು ಕೈ ಕಟ್ಟಿಕೊಂಡು ನೋಡಲು ಆಗಲಿಲ್ಲ.

"ಹಂಗಲ್ಲ ಬೇ," ಎಂದಳು. "ಇಷ್ಟು ದೊಡ್ಡಾಕಿ ಆಗಿ ರೊಟ್ಟಿ ಮುರಿಯಾಕ ಬರಂಗಿಲ್ಲೇನು? ಹೆಬ್ಬೆರಳಿಲೆ ಒತ್ತಿ ಹಿಡಿ, ಎರಡು ಬೆರಳಿಲೆ ಹರಿ. ತಾ ಇಲ್ಲೆ." ಎಡಗೈಯಿಂದ ನನ್ನ ರೊಟ್ಟಿ ಹರಿದು, ಪಲ್ಯ ಹಚ್ಚಿ, ಹೀಗೆ ಎಂದು ತೋರಿಸಿ, ಬಾಯಿಗೆ ಹಾಕಿಕೊಂಡಳು. ಮತ್ತೊಂದು ತುಂಡು ಹರಿದಳು. ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು. ಅರ್ಧ ರೊಟ್ಟಿ ಮುಗಿದ ಮೇಲೆ ಅವಳಿಗೆ ತನ್ನ ಕೈ ಕಂಡಿತು. ಒಂದು ಗಳಿಗೆ ನಿಲ್ಲಿಸಿದಳು. ಆಮೇಲೆ ಉಳಿದರ್ಧವನ್ನು ಯಾಕೆ ಬಿಡಬೇಕು ಎಂಬಂತೆ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

ಬಾಗಿಲಲ್ಲಿ ಸಿಸ್ಟರ್ ಪುಸ್ತಕ ಹಿಡಿದು ನಿಂತಿದ್ದರು. ಗಲ್ಲಕ್ಕೆ ಪಲ್ಯ ಮೆತ್ತಿಕೊಂಡ ನನ್ನನ್ನೂ, ನನ್ನ ಬುತ್ತಿ ಉಣ್ಣುತ್ತಿದ್ದ ಈರಮ್ಮನನ್ನೂ ನೋಡಿ, ಇಲ್ಲಿ ರೋಗಿ ಯಾರು ಎಂದು ಕೇಳಿದರು.

"ಈಕಿಗಿ ಇನ್ನಾ ನಾಕು ದಿನ ಬೇಕ್ರಿ ಸಿಸ್ಟರ್," ಎಂದಳು ಈರಮ್ಮ. "ನನ್ನ ಬಿಡ್ರಿ, ನಾ ಊರಿಗೆ ಹೋಗ್ತೀನಿ."

ಸೋಮವಾರ ಹೋದಳು. ಸೊಸೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದಳು. ನನಗೆ ಪ್ರಮಾಣಪತ್ರ ಸಿಕ್ಕಿತು. ಅದರ ಕೆಳಗೆ ಸಿಸ್ಟರ್ ತಮ್ಮ ಕೈಯಾರೆ ಬರೆದಿದ್ದರು: ರೋಗಿಗಳಿಂದ ಚೆನ್ನಾಗಿ ಕಲಿಯುತ್ತಾರೆ, ಕೈಗಳು ಇನ್ನೂ ಹಿಡಿತಕ್ಕೆ ಬರಬೇಕು.

ಅದನ್ನು ದೇವರ ಪಟದ ಹಿಂದೆ ಇಟ್ಟು, ಕಲಿತದ್ದನ್ನು ನಮ್ಮನೆಯವರಿಗೆ ತಿಳಿಸಿ ಹೇಳಿದೆ. ತಾನೇ ಮಾಡಿಕೊಳ್ಳಬಲ್ಲವರಿಗೆ ನಾನು ಇನ್ನು ಮಾಡಿಕೊಡುವುದಿಲ್ಲ ಎಂದೆ. ಅವರು ತಕರಾರಿಲ್ಲದೆ ಎದ್ದು, ಹಾಗಾದರೆ ಇವತ್ತಿನ ಚಹಾ ನನ್ನದು ಎಂದು ಅಡುಗೆಮನೆಗೆ ಹೋದರು. ನಾನು ದೀಪ ಹಚ್ಚಿ, ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಒಳಗೆ ಸ್ಟೋವು ನಾಲ್ಕನೇ ಕಡ್ಡಿಗೆ ಹತ್ತಿತು. ನಾನು ಏಳಲಿಲ್ಲ. ಬೋಗುಣಿ ಬಿತ್ತು. ಏಳಲಿಲ್ಲ. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವ ಸದ್ದಿನಲ್ಲೇ ಅದು ಯಾವ ಡಬ್ಬಿ ಎಂದು ಗುರುತಿಸುತ್ತ, ಶಿವಶಿವಾ ಎನ್ನುತ್ತ ಕೂತೇ ಇದ್ದೆ, ಅವರ ಕೈ ಸಕ್ಕರೆ ಹುಡುಕುತ್ತ ಉಪ್ಪಿನ ಡಬ್ಬಿಗೆ ಬರುವವರೆಗೂ.